ಚೌಕಟ್ಟು ನುಂಗಿದ ಹೆಸರು

ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಚಾ ಕುಡಿದು ಹೊರಟರೆ, ಖಜೂರಿ ದಾಟಿದ ಮೇಲೆ ಅಕ್ಷರ ಬದಲಾಗುತ್ತವೆ. ಅಲ್ಲಿಯತನಕ ದುಂಡಗೆ ಕೂತಿದ್ದ ಅಂಗಡಿ ಬೋರ್ಡುಗಳು ತಲೆಯ ಮೇಲೆ ಗೆರೆ ಹೊತ್ತು ಸಾಲಾಗಿ ನಿಲ್ಲುತ್ತವೆ. ಬದಲಾಗುವುದು ಅಷ್ಟೇ. ಹೊಲ ಅದೇ ಕರಿಹೊಲ, ಜೋಳ ಅದೇ ಬಿಳಿಜೋಳ. ಎಳ್ಳಮಾಸಿಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವ ರೂಢಿಯೂ ಎರಡು ಕಡೆ ಒಂದೇ. ಆಚೆ ಅದನ್ನು ವೇಳ ಅಮಾವಾಸ್ಯೆ ಅನ್ನುತ್ತಾರೆ. ಭಜ್ಜಿ, ಅಂಬಲಿಗೆ ಈ ವ್ಯತ್ಯಾಸ ಗೊತ್ತಿಲ್ಲ.

ಉಮರ್ಗಾದಲ್ಲಿ ಇಳಿದು ಗುಂಜೋಟಿಯ ಗಾಡಿ ಹತ್ತಿದೆ. ನಮ್ಮ ಅತ್ತಿಯನ್ನು ಈ ಊರಿಗೆ ಕೊಟ್ಟಾಗ ನಾನಿನ್ನೂ ಹುಟ್ಟಿರಲಿಲ್ಲ. ಹೆಣ್ಣು ಕೊಟ್ಟು ತರುವ ದಾರಿಗೆ 1956ರ ಗಡಿ ಅಡ್ಡ ಬಂದದ್ದೇ ಇಲ್ಲ. ನಿಜಾಮನ ಕಾಲದಲ್ಲಿ ಗುಂಜೋಟಿ ಪಾಯಗಾ ಜಹಗೀರಿನ ಊರು. ಉಸ್ಮಾನಾಬಾದ್ ಜಿಲ್ಲೆ ಇದ್ದದ್ದು ಗುಲ್ಬರ್ಗಾ ಸುಭೆಯಲ್ಲಿ. ಮಗ್ಗುಲಿನ ನಿಲಂಗಾ, ಉದಗೀರ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಈಗ ಜಿಲ್ಲೆಯ ಹೆಸರು ಧಾರಾಶಿವ. ಅತ್ತಿಯ ರೇಶನ್ ಕಾರ್ಡು ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ, ಮೊಮ್ಮಕ್ಕಳ ಜೊತೆಗಿನ ಮಾತು ಎರಡನ್ನೂ ಕಲಸಿದ್ದು.

ಹೊಲದಿಂದ ಬಂದು ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತಾಗ ಅತ್ತಿ ಗೋಡೆಯ ಕಡೆ ಕೈ ಮಾಡಿ ಹೇಳಿದಳು: “ಅದರ ಕಾಚು ಸೀಳಿ ಮೂವತ್ತು ವರ್ಸ ಆತು. ನೀ ಹೆಂಗೂ ಖಾಲಿ ಕುಂತೀದಿ. ನಾಳಿ ಪೇಂಟರ್ ಹತ್ರ ಒಯ್ದು ಹಾಕ್ಸಿಕೊಂಡು ಬಾ.”

ಗೋಡೆಯ ಮೇಲಿದ್ದದ್ದು ರಾಧಾ-ಕೃಷ್ಣ. ಸೊಲ್ಲಾಪುರದ ಯಾವುದೋ ಬಟ್ಟೆ ಅಂಗಡಿ ಕೊಟ್ಟ ಕ್ಯಾಲೆಂಡರ್. ವರ್ಷ ಮುಗಿದ ಮೇಲೆ ತಾರೀಖಿನ ಪಟ್ಟಿ ಕತ್ತರಿಸಿ, ಉಳಿದದ್ದಕ್ಕೆ ಕಟ್ಟು ಹಾಕಿಸಿದ್ದು. ಯಾವ ವರ್ಷದ್ದು ಎಂದು ಹೇಳುವ ಭಾಗವೇ ಹೋಗಿಬಿಟ್ಟಿದೆ. ನಮ್ಮ ಕಡೆ ಕ್ಯಾಲೆಂಡರಿಗೆ ಎರಡು ಜನ್ಮ. ಮೊದಲನೆಯದರಲ್ಲಿ ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ, ಅಮಾವಾಸ್ಯೆ, ಎರಡನೆಯದರಲ್ಲಿ ಊದಿನಕಡ್ಡಿ. ದೇವರ ಮುಖ ಇರುವ ಕಾಗದವನ್ನು ಒಲೆಗೆ ಹಾಕುವುದು ಹ್ಯಾಂಗೆ ಅನ್ನುವುದೊಂದೇ ಇದಕ್ಕೆಲ್ಲ ಕಾರಣ. ಲಿಂಗವಂತರ ಪಡಸಾಲೆಗೆ ರಾಧಾ-ಕೃಷ್ಣ ಬಂದದ್ದೂ ಹಾಗೆಯೇ.

ಕಾಚು ಸೀಳಿದ್ದು 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ, ನಾಲ್ಕು ಹೊಡೆಯಲು ನಾಲ್ಕೈದು ನಿಮಿಷ ಇದ್ದಾಗ. ಹಿಂದಿನ ದಿನ ಗಣಪತಿ ಕಳಿಸಿ ಜನ ದಣಿದು ಮಲಗಿದ್ದರು. ಕಿಲ್ಲಾರಿ, ಸಾಸ್ತೂರಗಳಲ್ಲಿ ದಪ್ಪ ಕಲ್ಲಿನ ಗೋಡೆ, ಮೇಲೆ ರಾಶಿ ಮಣ್ಣು ಹೊತ್ತ ಮಾಳಿಗೆಗಳು ಮಲಗಿದ್ದವರ ಮೇಲೆಯೇ ಕೂತವು. ಸುಮಾರು ಹತ್ತು ಸಾವಿರ ಜನ ಹೋದರು. ಅತ್ತಿಯ ಮನೆಯಲ್ಲಿ ಒಂದು ಗೋಡೆ ಬಾಯಿಬಿಟ್ಟಿತು, ಮಾಳಿಗೆಯ ಮೂಲೆ ಇಳಿಯಿತು, ಕೃಷ್ಣನ ಕಾಚಿಗೆ ಕೆಳಗಿನ ಮೂಲೆಯಿಂದ ಕೊಳಲಿನ ತನಕ ಓರೆ ಸೀಳು ಬಿತ್ತು. ಮಣ್ಣು ಇಳಿಸಿ ತಗಡು ಹಾಕಿಸಿದರು. ಕಾಚು ಹಾಗೇ ಉಳಿದಿತ್ತು.

ಬೆಳಿಗ್ಗೆ ಮೊಳೆಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಾಗಲೇ ನಾನು ಅದನ್ನು ಮೊದಲ ಸಲ ನೋಡಿದ್ದು. ಸಣ್ಣವನಿದ್ದಾಗಿಂದ ಕಂಡದ್ದು ಬೇರೆ, ನೋಡಿದ್ದು ಬೇರೆ. ಹಿಂದೆ ಮೋಡ ಕವಿದ ಸಂಜೆ. ಚಂದ್ರ ಎಲ್ಲೋ ಚಿತ್ರದ ಹೊರಗೆ ಎಡಕ್ಕೆ ಇದ್ದಾನೆ; ಬೆಳಕು ಆ ಕಡೆಯಿಂದ ಬಂದು ರಾಧೆಯ ಕೆನ್ನೆಯ ಏರಿಗೆ, ಮೂಗಿನ ತುದಿಗೆ, ತುಟಿಯ ತೇವಕ್ಕೆ ತಾಗಿ ನಿಂತಿದೆ. ಕೂದಲ ಅಂಚಿಗೆ ಹಿಂದಿನಿಂದ ಇನ್ನೊಂದು ಬೆಳಕು. ಆಕಾಶದಲ್ಲಿ ಇಬ್ಬರು ಚಂದ್ರರಿಲ್ಲ. ಹಿಂದಿನಿಂದ ಕೂದಲಿಗೆ ಹೊಳಪು ಕೊಡುವ ಎರಡನೆಯ ದೀಪ ಇರುವುದು ಸಿನೆಮಾ ಸ್ಟುಡಿಯೊದಲ್ಲಿ. ಸೀರೆಯ ಮಡಿಕೆ ಎದೆಯಿಂದ ನಡುವಿಗೆ ಇಳಿಯುವ ರೀತಿಯಲ್ಲೂ ಯಾವಳೋ ನಾಯಕಿಯ ನಿಲುವು. ಇನ್ನೂ ಹತ್ತಿರ ಹಿಡಿದರೆ ಕೆನ್ನೆಯೇ ಇಲ್ಲ, ಕೆಂಪು, ಹಳದಿಯ ಚುಕ್ಕಿಗಳು ಗಸಗಸೆ ಚೆಲ್ಲಿದ ಹಾಗೆ. ಕಣ್ಣು ಹಿಂದೆ ಸರಿಸಿದೊಡನೆ ಅವು ಮತ್ತೆ ಕೂಡಿ ಚರ್ಮವಾಗುತ್ತವೆ. ಯಾರು ಬರೆದದ್ದೆಂದು ಮೂಲೆಗಳಲ್ಲಿ ಹುಡುಕಿದೆ. ಕೆಳಗೆ ಬಲಕ್ಕೆ ಕಟ್ಟಿನ ಪಟ್ಟಿ ಚಿತ್ರವನ್ನು ಅರ್ಧ ಬೆರಳು ನುಂಗಿತ್ತು.

ಪೇಂಟರ್ ಕಾಕಾನ ಅಂಗಡಿ ಎಂದರೆ ಒಂದು ಬಾಗಿಲು, ಒಂದು ಬೆಂಚು. ಹೊರಗೆ ಗೋಡೆಗೆ ಒರಗಿಸಿದ ತಗಡಿನ ಬೋರ್ಡು, ಅದರ ಮೇಲೆ ಬಿಳಿ ಹಿನ್ನೆಲೆ ಒಣಗುತ್ತಿತ್ತು. ಒಳಗೆ ಇನಾಮಲ್ ಡಬ್ಬಿಗಳು, ಟರ್ಪೆಂಟೈನಿನ ವಾಸನೆ, ಹಗ್ಗಕ್ಕೆ ಜೋತ ಕಟ್ಟಿನ ಪಟ್ಟಿಗಳು. ಕಾಕಾನ ವಯಸ್ಸು ಎಪ್ಪತ್ತರ ಹತ್ತಿರ ಇರಬೇಕು. ನಾನು ಹಾಳೆ ಬಿಚ್ಚಿ ಚಿತ್ರ ತೋರಿಸಿದೆ. ಕನ್ನಡಕ ಮೇಲೆ ಮಾಡಿ ಒಂದು ಸಲ ನೋಡಿದರು.

“ಪಂಡಿತರದ್ದು.”

“ಹೆಸರು ಕಾಣೂದಿಲ್ಲಲ್ರಿ?”

“ಹೆಸರು ಯಾಕ ಬೇಕ್ರಿ? ಕಣ್ಣಿನ ರೆಪ್ಪಿ ನೋಡ್ರಿ. ಮುಳಗಾಂವಕರ ಆಗಿದ್ರ ಮೈ ಹೊಗಿ ಹಂಗ ಇರ್ತಿತ್ತು. ಇದು ಬ್ರಶ್ ಆಡಿದ ಕೈ.”

ರಘುವೀರ ಮುಳಗಾಂವಕರ ಬಣ್ಣ ಊದುವ ಯಂತ್ರ ಹಿಡಿದು, ಅಂಚೇ ಕಾಣದ ಹಾಗೆ ಮೈಬಣ್ಣ ಕರಗಿಸುತ್ತಿದ್ದ ಕಲಾವಿದ. ಮರಾಠಿಯ ದೀಪಾವಳಿ ಅಂಕ, ಕ್ಯಾಲೆಂಡರ್, ಸಿನೆಮಾ ಪತ್ರಿಕೆ ಎಲ್ಲೆಲ್ಲೂ ಅವರು, ದೀನಾನಾಥ ದಲಾಲ ಮತ್ತು ಎಸ್.ಎಂ. ಪಂಡಿತ. ಮೂವರೊಳಗೆ ಕೊನೆಯವರು ನಮ್ಮವರು. ಗುಂಜೋಟಿಯಿಂದ ಬಸ್ ಹತ್ತಿದರೆ ಮಧ್ಯಾಹ್ನದ ರೊಟ್ಟಿಗೆ ಮುಟ್ಟುವ ಕಲಬುರಗಿಯವರು.

ಸಾಂಬಾನಂದ ಮೋನಪ್ಪ ಪಂಡಿತ ಹುಟ್ಟಿದ್ದು 1916ರ ಮಾರ್ಚ್ 25ರಂದು. ಅಪ್ಪನ ಹೆಸರಿನಲ್ಲೇ ಮೌನೇಶ್ವರ ಇದ್ದಾನೆ, ತಿಂಥಣಿಯ ಮೌನೇಶ್ವರ, ಕಮ್ಮಾರ, ಬಡಿಗ, ಅಕ್ಕಸಾಲಿಗರ ದೈವ. ಊರಿನಲ್ಲಿ ಸಿಕ್ಕ ಮೊದಲ ಗುರು ಶಂಕರರಾವ್ ಆಳಂದಕರ. ನಾನು ಚಾ ಕುಡಿದು ಬಂದ ಆಳಂದಕ್ಕೆ ಮರಾಠಿಯ ಬಾಲ ಹಚ್ಚಿದರೆ ಆ ಹೆಸರು. ಈ ಸೀಮೆಯ ಚರಿತ್ರೆಯನ್ನು ಇಷ್ಟು ಚಿಕ್ಕದಾಗಿ ಬೇರೆ ಯಾರೂ ಬರೆದಿಲ್ಲ. ಆಮೇಲೆ ಮದ್ರಾಸಿನ ಕಲಾಶಾಲೆ, ಅಲ್ಲಿಂದ ಮುಂಬಯಿ. ಮುಂಬಯಿಯಲ್ಲಿ ಕನ್ನಡಿಗ ದಂಡಾವತಿಮಠರ ನೂತನ ಕಲಾ ಮಂದಿರ, ಜೆ.ಜೆ. ಸ್ಕೂಲ್ ಆಫ್ ಆರ್ಟ್. ಓದಿದ್ದು ಪಾಶ್ಚಾತ್ಯ ರೀತಿಯ ನೈಜ ಚಿತ್ರಣ: ಎಲುಬು, ಸ್ನಾಯು, ನೆರಳು, ಬೆಳಕು. ಹೊಟ್ಟೆಗೆ ಹಿಟ್ಟು ಕೊಟ್ಟದ್ದು ಸಿನೆಮಾ.

1938ರಲ್ಲಿ ಹಾಲಿವುಡ್ಡಿನ ಎಂ.ಜಿ.ಎಂ. ಕಂಪನಿ ಮುಂಬಯಿಯಲ್ಲಿ ಮೆಟ್ರೊ ಟಾಕೀಸು ತೆರೆಯಿತು. ಅದರ ಪಡಸಾಲೆಯಲ್ಲಿ ನಿಲ್ಲಿಸುವ ಶೋಕಾರ್ಡುಗಳನ್ನು ಬರೆಯುವ ಕೆಲಸ ಪಂಡಿತರಿಗೆ ಬಂತು. ಇದನ್ನು ಸ್ವಲ್ಪ ನಿಂತು ನೋಡಬೇಕು. ಆಗಿನ ಪ್ರಚಾರದ ಫೋಟೊ ಕಪ್ಪು-ಬಿಳುಪು. ನಟಿಯ ಮುಖದ ಮೇಲೆ ಬೆಳಕು ಎಲ್ಲಿ ಏರಿ ಎಲ್ಲಿ ಇಳಿಯಿತು ಎಂಬುದು ಅದರಲ್ಲಿ ಉಂಟು, ಬಣ್ಣ ಇಲ್ಲ. ಕೆನ್ನೆಗೆ ಎಷ್ಟು ಗುಲಾಬಿ, ನೆರಳಿಗೆ ಎಷ್ಟು ನೀಲಿ ಎನ್ನುವುದನ್ನು ಬರೆಯುವವನೇ ಊಹಿಸಬೇಕು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ, ಎಂದೂ ಕಾಣದ ದೇಶದ ಹೆಂಗಸರ ಮೈಬಣ್ಣವನ್ನು ನಿತ್ಯ ಊಹಿಸುತ್ತ ಕೂತ. ಅತ್ತಿಯ ರಾಧೆಯ ಕೂದಲ ಹಿಂದಿನ ಎರಡನೆಯ ಬೆಳಕು ಬಂದದ್ದು ಅಲ್ಲಿಂದ ಎಂದು ನನ್ನ ಲೆಕ್ಕ.

ಮುಂದಿನದು ಬೇಗ ಹೇಳಬಹುದು. ಬಾಬುರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟಗಳು, ಶಿವಾಜಿ ಪಾರ್ಕಿನಲ್ಲಿ ಸ್ವಂತ ಸ್ಟುಡಿಯೊ, 1949ರ ‘ಬರಸಾತ್’ ಮೊದಲಾಗಿ ಹಿಂದಿ ಚಿತ್ರಗಳ ಪೋಸ್ಟರು. ಜೊತೆಗೇ ಕ್ಯಾಲೆಂಡರ್: ರಾಧಾ-ಕೃಷ್ಣ, ನಳ-ದಮಯಂತಿ, ವಿಶ್ವಾಮಿತ್ರ-ಮೇನಕೆ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿ ದೇವರನ್ನು ಬಡವರ ಗೋಡೆಗೆ ತಂದಿದ್ದ. ಅವನ ದೇವತೆಗಳು ನಾಟಕದ ರಂಗದ ಮೇಲೆ ನಿಂತವರು; ಪರದೆ, ಕಂಬ, ಸಮನಾದ ಬೆಳಕು. ಪಂಡಿತರ ಹೊತ್ತಿಗೆ ಅವರೇ ಎದ್ದು ಸಿನೆಮಾಕ್ಕೆ ಹೋಗಿ ಬಂದಿದ್ದರು.

“ನಾ ಕಲ್ತದ್ದು ಇವರ ಹತ್ರನ್ರಿ” ಎಂದರು ಕಾಕಾ, ಕಟ್ಟಿನ ಹಿಂದಿನ ಮೊಳೆಗಳನ್ನು ಇಕ್ಕಳದಿಂದ ಎಳೆಯುತ್ತ. ನಾನು ಬೆರಗಾದೆ. “ಅಂದ್ರ ಕ್ಯಾಲೆಂಡರ್ ಇಟ್ಕೊಂಡು.”

ಕಲಿತ ರೀತಿ ಹೀಗೆ. ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಒಂದೊಂದು ಅಂಗುಲದ ಚೌಕ ಗೀಚುವುದು. ಗೋಡೆಯ ಮೇಲೆ ಖಡುವಿನ ಪುಡಿ ಮೆತ್ತಿದ ದಾರ ಎಳೆದು, ನಡುವೆ ಹಿಡಿದು ಬಿಟ್ಟರೆ ಟಪ್ ಎಂದು ಗೆರೆ ಬೀಳುತ್ತದೆ. ಅಲ್ಲಿ ಚೌಕ ಒಂದು ಅಡಿಯದು. ಆಮೇಲೆ ಮುಖವನ್ನು ಮರೆತುಬಿಡಬೇಕು. ಮೂರನೆಯ ಸಾಲಿನ ನಾಲ್ಕನೆಯ ಚೌಕದಲ್ಲಿ ಗೆರೆ ಎಲ್ಲಿ ಒಳಗೆ ಬಂತು, ಎಲ್ಲಿ ಹೊರಗೆ ಹೋಯಿತು, ಅಷ್ಟೇ ಲಕ್ಷ್ಯ. ಮೂಗು ಬರೆಯುತ್ತೇನೆ ಅಂದುಕೊಂಡರೆ ಮೂಗು ಕೆಡುತ್ತದೆ. ಇದು ಕಾಕಾ ಕಂಡುಹಿಡಿದದ್ದಲ್ಲ. ಯುರೋಪಿನ ಗುರುಗಳೂ ದೊಡ್ಡ ಗೋಡೆಗೆ ಚಿತ್ರ ಏರಿಸಿದ್ದು ಹೀಗೆಯೇ, ಮುಂಬಯಿಯ ಸಿನೆಮಾ ಬೋರ್ಡು ಬರೆಯುವವರ ಹೊಟ್ಟೆ ಹೊರೆದದ್ದೂ ಇದೇ ಚೌಕ. ಪಂಢರಪುರದಲ್ಲಿ 1915ರಲ್ಲಿ ಹುಟ್ಟಿದ ಎಂ.ಎಫ್. ಹುಸೇನ್ ಕೂಡ ಮುಂಬಯಿಗೆ ಬಂದು ಮೊದಲು ಅಟ್ಟಣಿಗೆ ಹತ್ತಿ ಇಂಥ ಬೋರ್ಡು ಬರೆದವರು. ಪಂಢರಪುರ, ಕಲಬುರಗಿ, ಒಂದು ವರ್ಷದ ಹಿಂದುಮುಂದು ಹುಟ್ಟಿದ ಇಬ್ಬರು. ಹುಸೇನ್ 1947ರಲ್ಲಿ ಸೋಜಾ, ರಜಾ ಅವರ ಪ್ರೊಗ್ರೆಸಿವ್ ಗುಂಪು ಸೇರಿ ಗ್ಯಾಲರಿಗೆ ಹೋದರು. ಪಂಡಿತರು ಅಡುಗೆಮನೆಗೆ ಬಂದರು. ಗ್ಯಾಲರಿಗೆ ಹೋದವರ ಹೆಸರನ್ನು ಚಿತ್ರಕ್ಕಿಂತ ಮೊದಲು ಕೇಳುತ್ತಾರೆ, ಅಡುಗೆಮನೆಗೆ ಬಂದವರ ಹೆಸರನ್ನು ಯಾರೂ ಕೇಳುವುದಿಲ್ಲ. ಕಲಾವಿಮರ್ಶೆ ಬರೆಯುವವರು ‘ಕ್ಯಾಲೆಂಡರ್ ಆರ್ಟ್’ ಎಂದು ಮೂಗು ಮುರಿದದ್ದನ್ನು ನಾನು ಬಹಳ ಓದಿದ್ದೇನೆ. ಮೂಗು ಮುರಿದವರಲ್ಲಿ ಎಷ್ಟು ಜನ ಒಂದು ಮೂಗನ್ನು ನೆಟ್ಟಗೆ ಬರೆದಾರು ಎಂಬ ಕುಹಕ ನನ್ನದು, ಲೆಕ್ಕಕ್ಕೆ ಇಟ್ಟುಕೊಳ್ಳಬೇಕಿಲ್ಲ.

ಪಂಡಿತರ ಪೋಸ್ಟರುಗಳ ಬಣ್ಣ ಗ್ವಾಶ್, ಅಂದರೆ ಸುಣ್ಣದಂತೆ ಮುಚ್ಚುವ ನೀರು ಬಣ್ಣ. ಎಣ್ಣೆ ಬಣ್ಣ ಹಸಿಯಾಗಿ ದಿನಗಟ್ಟಲೆ ಕಾಯುತ್ತದೆ, ಬೆರಳಿನಿಂದ ತೀಡಿದರೂ ಕರಗುತ್ತದೆ. ಇದು ಕಾಯುವುದಿಲ್ಲ. ಕುಂಚ ತಾಗಿದ ಕೆಲವೇ ನಿಮಿಷಕ್ಕೆ ಒಣಗುತ್ತದೆ. ಒಣಗಿದ ಮೇಲೆ ತಿಳಿಬಣ್ಣ ಒಂದು ಕೂದಲು ಗಾಢವಾಗುತ್ತದೆ, ಗಾಢಬಣ್ಣ ಒಂದು ಕೂದಲು ತಿಳಿಯಾಗುತ್ತದೆ. ಆದ್ದರಿಂದ ಬರೆಯುವವನು ಕಣ್ಣಿಗೆ ಕಾಣುವ ಬಣ್ಣ ಹಚ್ಚುವುದಿಲ್ಲ, ಹತ್ತು ನಿಮಿಷದ ನಂತರ ಕಾಣಲಿರುವ ಬಣ್ಣ ಹಚ್ಚುತ್ತಾನೆ. ಮೇಲಿನ ಪದರು ಹೆಚ್ಚು ಹಸಿಯಾದರೆ ಕೆಳಗಿನದನ್ನು ಎಬ್ಬಿಸಿ ರಾಡಿ ಮಾಡುತ್ತದೆ. ಕೆನ್ನೆಯ ಏರು ಕರಗಿದಂತೆ ಕಾಣಬೇಕಾದರೆ ಸಣ್ಣ ಸಣ್ಣ ಒಣ ಗೆರೆಗಳನ್ನು ಒಂದರ ಮಗ್ಗುಲಿಗೆ ಒಂದು ಹೆಣೆಯುತ್ತ ಹೋಗಬೇಕು, ಚಾಪೆ ಹೆಣೆದ ಹಾಗೆ. ಕಾಕಾ “ಬ್ರಶ್ ಆಡಿದ ಕೈ” ಅಂದದ್ದು ಈ ಗೆರೆಗಳಿಗೆ. ಅಚ್ಚಿನ ಚುಕ್ಕಿಗಳನ್ನು ದಾಟಿಯೂ ಅವು ಅವರ ಕಣ್ಣಿಗೆ ಬಿದ್ದಿದ್ದವು. ಅವರು ತೋರಿಸಿದ ಮೇಲೆ ನನಗೂ ರಾಧೆಯ ಗಲ್ಲದ ಕೆಳಗೆ ನಾಲ್ಕು ಕಂಡವು, ಬೂದಿ ಬಣ್ಣದವು.

ಚಿತ್ರ ಬರೆದು ಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಅಚ್ಚಿನಲ್ಲಿ ಅದು ನಾಲ್ಕು ಬಣ್ಣಗಳಾಗಿ ಒಡೆಯುತ್ತದೆ. ಹಳದಿ, ಕೆಂಪು, ನೀಲಿ, ಕಪ್ಪು. ನಾಲ್ಕು ಸಲ ಕಾಗದ ಒತ್ತಿ ಬರಬೇಕು, ಒಂದು ಸಲ ಎಳ್ಳಿನಷ್ಟು ಸರಿದರೂ ತುಟಿ ಹಲ್ಲಿನ ಮೇಲೆ ಕೂಡುತ್ತದೆ. ಅತ್ತಿಯ ಪ್ರತಿಯಲ್ಲಿ ಕೃಷ್ಣನ ನವಿಲುಗರಿಗೆ ಹೀಗೆ ಒಂದು ಹಳದಿ ನೆರಳು ಬಿದ್ದಿದೆ. ಮೂಲದಲ್ಲಿ ಅದು ಇರಲಿಕ್ಕಿಲ್ಲ. ಆದರೆ ನಮ್ಮ ಮನೆತನದ ಕೃಷ್ಣನಿಗೆ ಅದು ಇದೆ.

ಬಿಳಿ ಒಣಗಿದ ಬೋರ್ಡನ್ನು ಕಾಕಾ ಒಳಗೆ ತಂದರು. ಗೊಬ್ಬರದ ಅಂಗಡಿಯದು, ಆಳಂದ ಕಡೆಯದು, ಆದ್ದರಿಂದ ಕನ್ನಡ. ಎಡಗೈಯಲ್ಲಿ ಬಟ್ಟೆ ಸುತ್ತಿದ ಕೋಲು ಓರೆಯಾಗಿ ಬೋರ್ಡಿಗೆ ಆನಿಸಿ, ಬಲಗೈಯ ಮಣಿಕಟ್ಟು ಅದರ ಮೇಲೆ ಇಟ್ಟರು. ಎಪ್ಪತ್ತರ ಕೈ ಡಬ್ಬಿಯ ತನಕ ನಡುಗುತ್ತ ಹೋಗಿ, ಕೋಲಿನ ಮೇಲೆ ಬಂದು ನಿಂತಿತು. “ಮರಾಠಿಗೆ ಮೊದ್ಲ ಗೀಟು ಎಳದ್ರ ಆತು, ಅಕ್ಷರ ಅರಬಿ ಒಣಾಕಿದಂಗ ಕೆಳಗ ಜೋತು ಬೀಳ್ತಾವ. ಕನ್ನಡಕ್ಕ ಹಂಗ ನಡ್ಯಂಗಿಲ್ಲ. ಒಂದೊಂದಕ್ಕೂ ಅದರದೇ ತಲಿಕಟ್ಟು. ಹೊಟ್ಟಿ ಒಂದೇ ಅಳತಿ ಬರಬೇಕು, ಇಲ್ಲಾಂದ್ರ ಬಸರಿ ಹೆಂಗ್ಸೂರು ಸಾಲು ಹಚ್ಚಿದಂಗ ಕಾಣ್ತದ.” ರ ಬರೆದರು. ಕೆಳಗಿನಿಂದ ಸುತ್ತಿ ಮೇಲೆ ಬಂದ ಕುಂಚವನ್ನು ಎತ್ತುವ ಮುಂಚೆ ಬೆರಳುಗಳ ನಡುವೆ ತುಸು ತಿರುವಿದರು. ಬಾಲ ಚೂಪಾಯಿತು. ಆ ತಿರುವನ್ನು ಮತ್ತೊಮ್ಮೆ ತೋರಿಸಿ ಅಂದೆ. ತೋರಿಸಿದರು, ನನಗೆ ಕಾಣಲಿಲ್ಲ.

ಒಂದು ಕಾಲಕ್ಕೆ ಅವರಿಗೆ ಎರಡು ಸುಗ್ಗಿ. ಆಚೆ ಕಾರಹುಣ್ಣಿಮೆಗೆ, ಈಚೆ ಪೋಳಾಕ್ಕೆ, ಎತ್ತಿನ ಕೊಂಬಿಗೆ ಬಣ್ಣ. ನಡುವೆ ಟ್ರ್ಯಾಕ್ಟರಿನ ಟ್ರಾಲಿ, ಶಾಲೆಯ ಗೋಡೆಗೆ ಶಿವಾಜಿ ಮತ್ತು ಅಂಬೇಡ್ಕರ್, ಮದುವೆಮನೆಯ ಬಾಗಿಲಿಗೆ ಗಣಪತಿ, ಚುನಾವಣೆ ಬಂದರೆ ಊರಿನ ಗೋಡೆಗಳೆಲ್ಲ. ಒಂದು ಸಲ ಗಣೇಶೋತ್ಸವದ ಪೆಂಡಾಲಿಗೆ ಪಂಡಿತರ ಚಿತ್ರ ನೋಡಿ ಹತ್ತು ಅಡಿಯ ಮೇನಕೆಯನ್ನು ಬರೆದರಂತೆ. ಊರ ಹಿರಿಯರು ಬಂದು ನೋಡಿ, ವಿಶ್ವಾಮಿತ್ರನನ್ನು ಮಾತ್ರ ಇಟ್ಟು ಆಕೆಯನ್ನು ಮೋಡದಿಂದ ಮುಚ್ಚಿಸಿದರಂತೆ. “ಹನ್ನೊಂದು ದಿನ ಆತ ಮೋಡದ ಎದುರಿಗೆ ಕುಂತು ತಪಸ್ಸು ಕೆಡಿಸ್ಕೊಂಡಾ” ಎಂದು ನಕ್ಕರು. ಬಣ್ಣದ ಹಣ ಬಂತು, ಕೂಲಿ ಇವತ್ತಿಗೂ ಬಂದಿಲ್ಲ.

ಆಮೇಲೆ ಫ್ಲೆಕ್ಸ್ ಬಂತು. ಆ ಕಥೆ ಎಲ್ಲ ಊರಿನದೂ ಒಂದೇ, ಹೇಳಿ ಪ್ರಯೋಜನ ಇಲ್ಲ. ಕಾಕಾ ಕಟ್ಟು ಹಾಕುವ ಕೆಲಸಕ್ಕೆ ಇಳಿದರು. ತೀರಿಕೊಂಡವರ ಫೋಟೊ ಬರುತ್ತವೆ, ಅವಕ್ಕೆ ಬರಗಾಲ ಇಲ್ಲ.

ಪಂಡಿತರೂ ಒಂದು ದಿನ ಬೇಡಿಕೆಯ ಕೆಲಸಕ್ಕೆ ಬೆನ್ನು ತಿರುಗಿಸಿದರು, ಆದರೆ ಅವರದ್ದು ತಾವಾಗಿ ತಿರುಗಿದ್ದು. 1960ರ ದಶಕದಲ್ಲಿ ಮುಂಬಯಿಯ ಗದ್ದಲ ಬಿಟ್ಟು ಕಲಬುರಗಿಗೆ ಮರಳಿದರು. ದೊಡ್ಡ ದೊಡ್ಡ ತೈಲಚಿತ್ರ ಬರೆದರು, ಪುರಾಣದವು, ವಿವೇಕಾನಂದರನ್ನು ಬರೆದರು, ಕಾಳಿಯ ಉಪಾಸಕರಾಗಿದ್ದರು. 1978ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನ ಆಯಿತು. ಶಿವಾಜಿ ಪಾರ್ಕಿನಲ್ಲಿ ತಾರೀಖು ಹಿಡಿದು ದುಡಿದ ಕೈ ಇಲ್ಲಿ ತಾರೀಖಿಲ್ಲದೆ ಬರೆಯಿತು. ಆ ತೈಲಚಿತ್ರಗಳಲ್ಲಿ ನುರಿತ ಕೈ ಇದೆ, ವೈಭವ ಇದೆ, ಒಪ್ಪುತ್ತೇನೆ. ಆದರೂ ನನಗೆ ಹಿಡಿಸುವುದು ಅವಸರದ ನೀರುಬಣ್ಣದವೇ. ಒಣಗುವ ಮುಂಚೆ ಹಿಡಿಯಬೇಕೆಂಬ ಹೆದರಿಕೆ ಆ ಮುಖಗಳನ್ನು ಎಚ್ಚರ ಇಟ್ಟಿದೆ. ಎಣ್ಣೆಯಲ್ಲಿ ಬರೆದ ದೇವರು ಒಮ್ಮೊಮ್ಮೆ ತಮ್ಮ ಚೆಲುವಿಗೆ ತಾವೇ ಸೋತು ಕೂತಂತೆ ಕಾಣುತ್ತಾರೆ. ಪಂಡಿತರು ತೀರಿಕೊಂಡದ್ದು 1993ರಲ್ಲಿ, ಅತ್ತಿಯ ಮನೆಯ ಕಾಚು ಸೀಳಿದ ವರ್ಷ. ಕಲಬುರಗಿಯಲ್ಲಿ ಅವರ ಹೆಸರಿನ ರಂಗಮಂದಿರ ಇದೆ. ಒಳಗೆ ಭಾಷಣ, ನಾಟಕ, ಸನ್ಮಾನ ನಡೆಯುತ್ತಲೇ ಇರುತ್ತವೆ. “ಪಂಡಿತ್ ರಂಗಮಂದಿರ ನಡೀರಿ” ಅಂದರೆ ಆಟೊದವರು ಮುಟ್ಟಿಸುತ್ತಾರೆ. ಯಾವ ಪಂಡಿತರು ಎಂದು ಒಂದು ಸಲ ಕೇಳಿ ನೋಡಿದೆ. “ಹಾಡೋರು ಇರ್ಬೇಕ್ರಿ” ಅಂದ.

ಕೊನೆಯ ಮೊಳೆ ಬಂತು. ಕಾಕಾ ಹಿಂದಿನ ರಟ್ಟು ತೆಗೆದು, ಸೀಳಿದ ಕಾಚಿನ ಎರಡು ತುಂಡುಗಳನ್ನು ಬದಿಗಿಟ್ಟು, ಚಿತ್ರವನ್ನು ಎರಡೂ ಅಂಗೈಯಲ್ಲಿ ಎತ್ತಿ ಬೆಂಚಿನ ಮೇಲೆ ಮಲಗಿಸಿದರು. ಪಟ್ಟಿಯ ಅಡಿಯಲ್ಲಿದ್ದ ಅಂಚು ಬಿಸಿಲು ಕಂಡಿರಲಿಲ್ಲ. ಉಳಿದದ್ದೆಲ್ಲ ಹೊಗೆ, ಬಿಸಿಲು ತಿಂದು ಜೇನಿನ ಬಣ್ಣಕ್ಕೆ ಹೋಗಿದ್ದರೆ, ಸುತ್ತಲಿನ ಅರ್ಧ ಬೆರಳು ಅಗಲ ನೀಲಿ ನೀಲಿಯಾಗಿಯೇ ಉಳಿದಿತ್ತು. ಇಷ್ಟು ನೀಲಿಯ ರಾತ್ರಿ ಅದು ಎಂದು ಯಾರಿಗೂ ಗೊತ್ತಿರಲಿಲ್ಲ. ಬಲ ಮೂಲೆಯಲ್ಲಿ, ಹುಲ್ಲಿನ ಎಸಳುಗಳ ನಡುವೆ, ಇಂಗ್ಲಿಷ್ ಅಕ್ಷರದಲ್ಲಿ ಎಸ್.ಎಂ. ಪಂಡಿತ್.

ಕಾಕಾ ಅದರ ಮೇಲೆ ಬೆರಳು ಇಡಲಿಲ್ಲ. ಬೆರಳಿನ ನೆರಳು ಆಡಿಸಿದರು. “ನೋಡ್ರಿ, ಅಕ್ಷರಕ್ಕೂ ಅವರು ಬೆಳಕು ಕೊಟ್ಟಾರ” ಎಂದರು. ಸಹಿಯ ಎಡ ಅಂಚಿಗೆ ಕೂದಲೆಳೆಯಷ್ಟು ಬಿಳಿ ಇತ್ತು.

ಹೊಸ ಕಾಚು ಕೊಯ್ದರು. ಹಳೆಯ ಪಟ್ಟಿಯನ್ನು ಎತ್ತಿ ನೋಡಿ, ಬದಿಗೆ ಎಸೆದು, ಹಗ್ಗದಿಂದ ಸಣ್ಣ ಪಟ್ಟಿಯೊಂದನ್ನು ಇಳಿಸಿ ಚಿತ್ರದ ಅಂಚಿಗೆ ಹಿಡಿದರು. ಅದೂ ಹೆಸರಿನ ಕೆಳಗಿನ ಅರ್ಧ ಮುಚ್ಚುತ್ತಿತ್ತು. ಇನ್ನೂ ಸಣ್ಣದು ಇರಲಿಲ್ಲ. ಪಟ್ಟಿಯ ಒಳ ತುಟಿಯನ್ನು ಚಾಕುವಿನಿಂದ ಹೆರೆಯತೊಡಗಿದರು, ಒಂದೇ ಮೂಲೆಯಲ್ಲಿ, ಹೆಸರು ಇರುವಷ್ಟೇ ಉದ್ದ. ಹೆರೆದ ಕಟ್ಟಿಗೆಯ ಸುರುಳಿಗಳು ಗೊಬ್ಬರದ ಬೋರ್ಡಿನ ಹಸಿ ಬಣ್ಣಕ್ಕೆ ಹೋಗಿ ಅಂಟಿದವು. ಒಂದೊಂದನ್ನೇ ಉಗುರಿನಿಂದ ಎತ್ತಿ, ಗಾಯವಾದ ರಕಾರವನ್ನು ತಿದ್ದಿ, ಮತ್ತೆ ಚಾಕು ಹಿಡಿದರು.

ಫೋನು ಬಂತು. ಅತ್ತಿ.

“ಎಷ್ಟೊತ್ತೋ? ಗ್ವಾಡಿ ಬೋಳು ಕಾಣಾಕತ್ತದ. ದೀಪ ಹಚ್ಚೋ ಹೊತ್ತಿಗಿ ತರ್ತೀ ಇಲ್ಲಾ?”

“ಹೆಸರು ಕಾಣೂ ಹಂಗ ಮಾಡ್ಲಿಕ್ಹತ್ಯಾರ, ಅತ್ತಿ.”

“ಯಾರ ಹೆಸರು?”

ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಬಾಗಿಲ ಬಳಿ ಯಾರಿಗೋ ಮರಾಠಿಯಲ್ಲಿ ಏನೋ ಹೇಳಿದ್ದು ಕೇಳಿಸಿತು.

“ಕಲಬುರಗಿಯವರು? ನಮ್ಮ ತವರಮನಿ ಕಡೀಯವರು?” ಅಂದಳು. “ಅಷ್ಟ್ ವರ್ಸದಿಂದ ಮನ್ಯಾಗ ಇದ್ದು, ಒಂದ್ ಮಾತ ಹೇಳಿಲ್ಲ ನೋಡು.”